ಬೇಗ ಮುಗಿಯಿತು

ತಣ್ಣಗೆ, ಇಷ್ಟು ತಣ್ಣಗಿನ ಬ್ಲೇಡನ್ನು ಯಾವ ಪೆಟ್ಟಿಗೆಯಿಂದ ತೆಗೆದಳೋ ಈ ಹುಡುಗಿ, ಎದೆಯ ಕೆಳಗಿನಿಂದ ಶುರುವಾಗಿ ಹೊಕ್ಕುಳನ್ನು ಬಳಸಿಕೊಂಡು ಕೆಳಗೆ, ಇನ್ನೂ ಕೆಳಗೆ, ಪರ ಪರ ಕೂದಲು ಬೋಳಿಸುತ್ತ ಇಳಿಯುತ್ತಿದೆ, ಅಲ್ಲಾಡ್ಬೇಡಿ ಆಂಟಿ, ಸ್ವಲ್ಪ ಉಸಿರು ಹಿಡ್ಕೊಳ್ಳಿ, ಹಿಡಿದಿದ್ದೇನಲ್ಲ ತಾಯಿ, ಕಿಟಕಿಯ ಪರದೆ ಯಾಕೆ ಪೂರ್ತಿ ಎಳೆದಿಲ್ಲ, ಒಂದು ಗೇಣು ಬಿಟ್ಟಿದ್ದಾಳೆ, ಆ ಸಂದಿಯಲ್ಲಿ ಆಸ್ಪತ್ರೆಯ ಹಿಂದಿನ ಅಂಗಳ ಕಾಣುತ್ತದೆ, ಬಿಳಿ ಕಾರೊಂದು ಹಿಂದಕ್ಕೆ ಬರುತ್ತಿದೆ, ಬರುತ್ತಲೇ ಇದೆ, ಹಿಂದೆ ಕಂಬ ಇದೆ, ಕನ್ನಡಿ ನೋಡೋ ಪುಣ್ಯಾತ್ಮ, ಕನ್ನಡಿ — ಮಲಗಿದ್ದ ಅವಳ ಬಲಗಾಲು ತಾನಾಗಿ ಹಾಸಿಗೆಯನ್ನು ಒತ್ತಿತು. ಅಯ್ಯೋ, ಅಲ್ಲಾಡ್ಬೇಡಿ ಅಂದ್ನಲ್ಲ ಆಂಟಿ, ಕುಯ್ದುಹೋಗುತ್ತೆ. ಕುಯ್ಯುವುದಕ್ಕೇ ಬಂದಿದ್ದೇನಲ್ಲ, ನೀನು ಒಂದು ಗೀರು ಮುಂಗಡ ಹಾಕಿದರೆ ಏನಂತೆ, ಎನ್ನಬೇಕೆಂದುಕೊಂಡಳು, ಅನ್ನಲಿಲ್ಲ, ಹುಡುಗಿ ಹೊಸಬಳು, ಹೊಸಬರ ಕೈಯಲ್ಲಿ ಬ್ಲೇಡಿದ್ದರೂ ಸ್ಟೇರಿಂಗಿದ್ದರೂ ತಮಾಷೆ ಮಾಡಬಾರದು. ಆ ಬಲಗಾಲಿನಿಂದಲೇ ಅವಳಿಗೆ ಹೆಸರು ಬಂದದ್ದು, ಊರಿನ ಅರ್ಧಕ್ಕರ್ಧ ಜನ ಕರೆಯುವುದು ಬ್ರೇಕಕ್ಕ ಎಂದೇ, ಡ್ರೈವಿಂಗ್ ಸ್ಕೂಲಿನ ಬ್ರೇಕಕ್ಕ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಡೆಗಿರುವ ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಆಯಸ್ಸು ಸವೆಸಿದವಳು, ಬಸ್ಸಿನಲ್ಲಿ ಕೂತರೂ ಒತ್ತುತ್ತಾಳೆ, ಸಿನಿಮಾದ ಪರದೆಯ ಮೇಲೆ ಲಾರಿ ಬಂದರೂ ಒತ್ತುತ್ತಾಳೆ, ಮದುವೆಯ ಹೊಸತರಲ್ಲಿ ನಿದ್ದೆಗಣ್ಣಲ್ಲಿ ಗಂಡನ ಮೊಣಕಾಲನ್ನೇ ಒತ್ತಿ — ನನ್ನನ್ನೂ ನಿಲ್ಲಿಸ್ಬೇಕೇನೇ, ನಾನೆಲ್ಲಿಗೆ ಓಡಿಹೋಗ್ತಿದ್ದೀನಿ ಅಂತ — ನಕ್ಕಿದ್ದರು ಇಬ್ಬರೂ, ಹೊಟ್ಟೆ ಹುಣ್ಣಾಗುವಷ್ಟು. ಹೊಟ್ಟೆ ಹುಣ್ಣಾಗುವಷ್ಟು. ಎಂಥ ಮಾತು, ಬಾಯಿಗೆ ಬಂದ ಹಾಗೆ ಆಡಿಬಿಡುತ್ತೇವೆ, ಹೊಟ್ಟೆ ಕೇಳಿಸಿಕೊಳ್ಳುತ್ತ ಕೂತಿರುತ್ತದೆ.

ನೋವು ಮೊದಲು ಬಂದದ್ದೂ ಆ ಸೀಟಿನಲ್ಲೇ, ಬೆಲ್ಟಿನ ಕೆಳಗೆ, ಎಡಕ್ಕೆ, ಬ್ಯಾಂಕಿನ ಮ್ಯಾನೇಜರು ನಾಯಿಯೊಂದು ಅಡ್ಡ ಬಂತೆಂದು ಕ್ಲಚ್ಚು ಮರೆತು ಬರೀ ಬ್ರೇಕನ್ನು ತುಳಿದು ಕಾರನ್ನು ನಡುರಸ್ತೆಯಲ್ಲಿ ಕೊಂದಾಗ ಬೆಲ್ಟು ಹೊಟ್ಟೆಯನ್ನು ಹಿಡಿದು ಹಿಂದಕ್ಕೆಳೆಯಿತು, ಆಗ ಒಳಗೆ ಏನೋ ಒಂದು, ಗಟ್ಟಿ, ತನ್ನದಲ್ಲದ ಹಾಗೆ, ಬೆಲ್ಟಿಗೆ ಎದುರು ನಿಂತಿತು. ಸಾರಿ ಮೇಡಂ, ನಾಯಿ ಬಂತು. ನಾಯಿ ಹೋಗಿ ಆಗಲೇ ಮನೆ ಸೇರಿದೆ ಸಾರ್, ನೀವು ಗಾಡಿ ಸ್ಟಾರ್ಟ್ ಮಾಡಿ. ಗ್ಯಾಸು, ಎಂದುಕೊಂಡಳು, ಗ್ಯಾಸು ಎಂದರೆ ಎಲ್ಲದಕ್ಕೂ ಹೊಂದುವ ಮಾತು, ಎದೆಗೂ ಬೆನ್ನಿಗೂ ತಲೆಗೂ, ಬಟ್ಟೆ ಸಡಿಲವಾದಾಗ ತೂಕ ಇಳಿದದ್ದು ಒಳ್ಳೆಯದೇ ಆಯಿತೆಂದುಕೊಂಡಳು, ಒಂದು ಬೆಳಿಗ್ಗೆ ಕಕ್ಕಸಿನಲ್ಲಿ ಕೆಂಪು ಕಂಡಾಗ ನಿನ್ನೆ ಬೀಟ್‌ರೂಟ್ ತಿಂದಿದ್ದೆನಲ್ಲ ಎಂದುಕೊಂಡು ನೀರು ಹಾಕಿದಳು, ತಿಂದಿರಲಿಲ್ಲ, ತಿಂದಿಲ್ಲವೆಂದು ಗೊತ್ತಿದ್ದೇ ಹಾಕಿದಳು. ಕಲಿಯಲು ಬರುವವರು ಹೀಗೇ ಮಾಡುತ್ತಾರೆ, ಕನ್ನಡಿ ನೋಡಿದ್ರಾ ಎಂದರೆ ನೋಡಿದೆ ಮೇಡಂ ಎನ್ನುತ್ತಾರೆ, ನೋಡಿರುವುದಿಲ್ಲ, ನೋಡಿದವರ ಕುತ್ತಿಗೆ ಒಂದು ಕೂದಲೆಳೆಯಷ್ಟಾದರೂ ಅಲ್ಲಾಡುತ್ತದೆ, ಹಿಂದಿನಿಂದ ಏನು ಬರುತ್ತಿದೆಯೋ ಎಂಬ ಭಯಕ್ಕೇ ನೋಡದವರು ಇದ್ದಾರೆ, ಅಂಥವರನ್ನು ಅವಳು ಎಷ್ಟು ಬೈದಿದ್ದಾಳೆ. ಆಯ್ತು ಆಂಟಿ, ಈಗ ಬಟ್ಟೆ ಮುಚ್ಕೊಳ್ಳಿ, ಡಾಕ್ಟ್ರು ಬರ್ತಾರೆ.

ಡಾಕ್ಟರು ಬಂದರು, ಸರ್ಜನ್, ಉದ್ದಕ್ಕೆ ತೆಂಗಿನ ಮರದ ಹಾಗಿರುವ ಮನುಷ್ಯನಿಗೆ ಎಷ್ಟು ಸಣ್ಣ ಕೈಗಳು, ಮಗುವಿನ ಕೈಗಳ ಹಾಗೆ, ಆ ಕೈ ನನ್ನೊಳಗೆ ಹೋಗುತ್ತದೆ, ಎಂದು ನೋಡುತ್ತಿದ್ದಾಳೆ, ಅವರು ಜೇಬಿನಿಂದ ನೇರಳೆ ಬಣ್ಣದ ಪೆನ್ನು ತೆಗೆದರು, ಕೂತ್ಕೊಳ್ಳಿ ಅಮ್ಮ, ಈಗ ಬಗ್ಗಿ, ಈಗ ನಿಂತ್ಕೊಳ್ಳಿ, ಹೊಟ್ಟೆ ಮಡಚದ ಜಾಗ ಹುಡುಕಿ ಎಡಗಡೆ ಒಂದು ದುಂಡು ಬರೆದರು. ಕರುಳಲ್ಲಿ ಗಡ್ಡೆ ಇರೋ ತುಂಡು ಕತ್ತರಿಸ್ತೀವಿ, ಆ ಕಡೆ ಈ ಕಡೆ ಎರಡನ್ನೂ ಸೇರಿಸಿ ಹೊಲೀತೀವಿ, ಸೇರಿಸೋಕೆ ಆಗದೇ ಇದ್ರೆ ಇಲ್ಲಿ ಹೊರಗೆ ತಂದು ಮಲಕ್ಕೆ ಚೀಲ ಹಾಕ್ತೀವಿ, ಸ್ವಲ್ಪ ದಿನದ ಮಟ್ಟಿಗೆ, ಭಯ ಪಡ್ಬೇಡಿ, ಇವತ್ತು ಮೊದಲನೇ ಕೇಸು ನಿಮ್ದೇ, ದೊಡ್ಡ ಕೆಲಸ, ನಿಧಾನಕ್ಕೆ ಮಾಡ್ಬೇಕು, ನಿಮಗೆ ಎಚ್ಚರ ಆಗೋ ಹೊತ್ತಿಗೆ ಸಂಜೆ ಆಗಿರುತ್ತೆ. ಸಂಜೆಯಾಗಲಿ ಡಾಕ್ಟ್ರೇ, ನಾಳೆಯೇ ಆಗಲಿ, ಚೀಲ ಮಾತ್ರ ಬೇಡ. ನೋಡೋಣ. ಎಷ್ಟು ಚಿಕ್ಕ ಮಾತು, ನೋಡೋಣ, ಅದರ ಹಿಂದೆ ಒಂದು ಲಾರಿ ನಿಲ್ಲಿಸಬಹುದು. ಪಕ್ಕದ ಮಂಚದ ಅಜ್ಜಿ ಪರದೆಯಾಚೆಯಿಂದ ಎಲ್ಲ ಕೇಳಿಸಿಕೊಂಡು ಸುಮ್ಮನಿರಲಾರದೆ, ಚೀಲ ಅಂದ್ರೆ ಯಾಕಮ್ಮ ಅಷ್ಟು ಅಸಹ್ಯ, ನಂದು ನೋಡು, ಎಂದು ಬಟ್ಟೆ ಸರಿಸಿಯೇಬಿಟ್ಟಳು, ಇವಳು ಕಣ್ಣು ಮುಚ್ಚಿಕೊಳ್ಳುವಷ್ಟರಲ್ಲಿ ಕಂಡೇಹೋಯಿತು, ಮೈಬಣ್ಣದ ಪ್ಲಾಸ್ಟಿಕ್ಕು, ಅದರೊಳಗೆ ಬೆಚ್ಚಗೆ ಏನೋ, ಆಗಲೇ ಅದು ಪುಸ್ ಎಂದಿತು, ಅಜ್ಜಿ ನಕ್ಕಳು, ನನ್ನ ಸೊಸೆ ಕಣೇ ಇವಳು, ಹಾಗೇ ಹೆಸರಿಟ್ಟಿದ್ದೀನಿ, ಜನ ಬಂದಾಗಲೇ ಬಾಯಿ ಬಿಡ್ತಾಳೆ, ಹೊತ್ತು ಗೊತ್ತು ಇಲ್ಲ, ಹೇಳಿದ ಮಾತು ಕೇಳಲ್ಲ, ಆದ್ರೆ ಇವಳಿಲ್ದೆ ನಡಿಯೋದೂ ಇಲ್ಲ. ವಾರ್ಡೆಲ್ಲ ನಕ್ಕಿತು, ಅವಳು ನಗಲಿಲ್ಲ, ಕಾರಿನ ಪುಟ್ಟ ಡಬ್ಬಿಯೊಳಗೆ ಗಾಜು ಏರಿಸಿ ಕೂತು, ಪಕ್ಕದಲ್ಲಿ ಪರರ ಮಕ್ಕಳು, ಬ್ಯಾಂಕಿನ ಮ್ಯಾನೇಜರು, ಮದುವೆ ಗೊತ್ತಾದ ಹುಡುಗಿಯರು, ಆಗ ಹೊಟ್ಟೆಯ ಮೇಲಿನ ಸೊಸೆ ಬಾಯಿ ಬಿಟ್ಟರೆ — ಬೇಡ, ದೇವರೇ, ಏನು ಬೇಕಾದರೂ ಮಾಡು, ಅದೊಂದು ಬೇಡ, ಎದ್ದಾಗ ಎಡಗಡೆ ಬರೀ ಚರ್ಮ ಇರಲಿ. ಇಷ್ಟು ಒತ್ತಿ ಬೇಡಬಾರದಿತ್ತು, ಏನನ್ನೂ ಇಷ್ಟು ಒತ್ತಿ ಬೇಡಬಾರದು.

ಟ್ರಾಲಿಯ ಒಂದು ಚಕ್ರ ಕಿರುಗುಟ್ಟುತ್ತದೆ, ಮೇಲೆ ಟ್ಯೂಬ್‌ಲೈಟು ಹೋಯಿತು, ಇನ್ನೊಂದು ಹೋಯಿತು, ತಳ್ಳುವವನಿಗೆ ತಿರುವಿನ ಅಂದಾಜಿಲ್ಲ, ಗೋಡೆಗೆ ಸವರಿಸಿಕೊಂಡೇ ತಿರುಗಿಸಿದ, ಅವಳ ಕಾಲು ಒತ್ತಿತು, ಚಾದರದಡಿಯಲ್ಲಿ ಯಾರಿಗೂ ಕಾಣಲಿಲ್ಲ, ಮಗಳಿಗೆ ಕಂಡಿತು, ಅಮ್ಮಾ ಬ್ರೇಕ್ ಹಾಕ್ಬೇಡ, ಹೋಗಿ ಬಾ, ಎಂದು ನಗಲು ನೋಡಿದಳು ಮಗಳು, ಬೇಕರಿಯಿಂದ ನೇರ ಬಂದಿದ್ದಾಳೆ, ತೋಳಿನ ತುಂಬ ಒಲೆಯ ಬಾಗಿಲು ತಗುಲಿದ ಸುಟ್ಟ ಗೆರೆಗಳು, ಕೂದಲಲ್ಲಿ ವೆನಿಲಾ, ಉಪವಾಸದ ಹೊಟ್ಟೆಗೆ ಆ ವಾಸನೆ ಹಿಡಿದು ಹಿಂಡುತ್ತದೆ. ಇವಳಿಗೆ ಗಾಡಿ ಕಲಿಸಲಾಗಲಿಲ್ಲ, ಊರಿಗೆಲ್ಲ ಕಲಿಸಿ ಹೆತ್ತ ಮಗಳಿಗೆ ಆಗಲಿಲ್ಲ, ಒಂದೇ ಒಂದು ಪಾಠ, ನಾಲ್ಕು ದಾರಿ ಕೂಡುವಲ್ಲಿ ಹುಡುಗಿ ಗಾಡಿ ನಿಲ್ಲಿಸಿ ಇಳಿದು ಬಾಗಿಲು ಬಡಿದು ಮನೆಗೆ ನಡೆದೇಹೋಗಿದ್ದಳು, ನೀನು ಬೇರೆಯವರ ಮಕ್ಕಳ ಹತ್ರ ಹೀಗೆ ಕಿರುಚ್ತೀಯಾ, ಇಲ್ಲ ಕಣೇ, ಬೇರೆಯವರ ಮಕ್ಕಳು ಸತ್ತರೆ ಅಂತ ನನಗೆ ಇಷ್ಟು ಭಯ ಇಲ್ಲ, ಹಾಗೆಂದು ಹೇಳಲಿಲ್ಲ, ಹಾರ್ನು ಹೊಡೆದವರನ್ನು ಬೈಯುತ್ತ ಗಾಡಿ ಪಕ್ಕಕ್ಕೆ ಹಾಕಿದಳು. ಆಚೆ ಕಡೆ ಗಂಡ, ಬದುಕಿನುದ್ದಕ್ಕೂ ರೈಲಿನಲ್ಲಿ ಟಿಕೆಟ್ ನೋಡಿದವನು, ರಿಟೈರಾದರೂ ಟಿ.ಸಿ. ಎಂದೇ ಎಲ್ಲರೂ ಕರೆಯುವುದು, ಓಡುವ ಗಾಡಿಯ ಪಕ್ಕದಲ್ಲಿ ನಡೆದು ಅಭ್ಯಾಸ, ಟ್ರಾಲಿಯ ಜೊತೆ ಸರಿಯಾಗಿ ಹೆಜ್ಜೆ ಹಾಕುತ್ತ, ಏ ಇವಳೇ, ಹೆದರ್ಕೋಬೇಡ, ಡಾಕ್ಟ್ರು ಕೈಗುಣ ಒಳ್ಳೇದಂತೆ, ಪೇಪರ್‌ನವನು ಹೇಳ್ದ. ರೀ, ಪೇಪರ್‌ನವನಿಗೇನ್ರೀ ಗೊತ್ತು. ಅವನ ಮಾವನಿಗೂ ಇವರೇ ಮಾಡಿದ್ದಂತೆ. ಮಾವ ಹೇಗಿದಾನಂತೆ. ಅದನ್ನ ಕೇಳ್ಲಿಲ್ಲ ನೋಡು. ಬಾಗಿಲು ಬಂತು, ಅವರಿಬ್ಬರೂ ಆಚೆ ಉಳಿದರು. ಒಳಗೆ ಚಳಿ, ಹಸಿರು ಬಟ್ಟೆಯ ಜನ ಅಡುಗೆಮನೆಯಲ್ಲಿ ಹರಟುವ ಹಾಗೆ ಹರಟುತ್ತಿದ್ದಾರೆ, ಯಾರದೋ ಮನೆಯ ನಲ್ಲಿ ಸೋರುವ ವಿಷಯ, ಅಗಲವಾದ ದೀಪ ಮುಖದ ಮೇಲೆ ಬಂತು, ಡ್ರೈವಿಂಗ್ ಕಲಿಸ್ತೀರಂತೆ ಅಮ್ಮ, ನನ್ನ ಹೆಂಡ್ತಿಗೂ ಸ್ವಲ್ಪ ಕಲಿಸಿಕೊಡಿ, ಎರಡು ಸಲ ಫೇಲಾಗಿದ್ದಾಳೆ, ಎಂದರು ಅರಿವಳಿಕೆ ಮದ್ದು ಕೊಡುವ ಡಾಕ್ಟರು, ರಿವರ್ಸಾ, ಎಂದಳು ಅವಳು, ಹೂಂ ರಿವರ್ಸೇ, ರಿವರ್ಸಿಗೆ ಏನಿಲ್ಲ ಡಾಕ್ಟ್ರೇ, ನಿಧಾನ, ಕ್ಲಚ್ಚು ಅರ್ಧ ಬಿಟ್ಟು, ನಿಧಾನ, ಕುತ್ತಿಗೆ ತಿರುಗಿಸಿ ಹಿಂದೆ ನೋಡ್ಬೇಕು ಅಷ್ಟೇ, ಹಿಂದೆ — ರಬ್ಬರಿನ ವಾಸನೆ, ಹೊಸ ಟಯರಿನ ವಾಸನೆ, ಕೈಯ ನರದಲ್ಲಿ ಹಾಲಿನ ಹಾಗೆ ತಣ್ಣಗೆ ಏನೋ ಹತ್ತಿ ಬಂತು, ರಸ್ತೆ ಉದ್ದವಾಗಿದೆ, ಯಾರೂ ಇಲ್ಲ, ಸ್ಟೇರಿಂಗ್ ಹಿಡಿದವನ ಮುಖ ನೋಡೋಣವೆಂದು ತಿರುಗಿದರೆ ಅಲ್ಲಿ

ನಾಲಿಗೆ. ನಾಲಿಗೆ ಬಾಯೊಳಗೆ ಒಣಗಿದ ಚಪ್ಪಲಿಯ ಹಾಗೆ. ಯಾರೋ ಅವಳ ಹೆಸರು ಕೂಗುತ್ತಿದ್ದಾರೆ, ಕಣ್ಣು ಬಿಡಿ ಅಂತೆ, ಬಿಡಲಾರೆ, ಹೊಟ್ಟೆಯ ನಟ್ಟನಡುವೆ ಮೇಲಿಂದ ಕೆಳಗೆ ಕೆಂಡ ಸುರಿದು ಸಾಲು ಮಾಡಿದ ಹಾಗಿದೆ, ಆದರೂ ಕೈ ಹೊರಟಿತು, ತಾನಾಗಿ, ಸೂಜಿ ಚುಚ್ಚಿದ ಕೈಯೇ, ಚಾದರದಡಿಯಲ್ಲಿ ಎಡಕ್ಕೆ ತೆವಳಿತು, ಬ್ಯಾಂಡೇಜಿನ ಅಂಚು ದಾಟಿತು, ಚರ್ಮ, ಮತ್ತೆ ಚರ್ಮ, ಬೋಳಿಸಿದ ನುಣುಪು ಚರ್ಮ, ಪ್ಲಾಸ್ಟಿಕ್ಕಿಲ್ಲ, ಚೀಲವಿಲ್ಲ, ಇಲ್ಲ! — ಕಣ್ಣಿನಿಂದ ನೀರು ಕಿವಿಯೊಳಕ್ಕೆ ಇಳಿಯಿತು, ಸೇರಿಸಿ ಹೊಲಿದಿದ್ದಾರೆ, ಸಣ್ಣ ಕೈಯ ದೊಡ್ಡ ಮನುಷ್ಯ, ನಿನ್ನ ಹೊಟ್ಟೆ ತಣ್ಣಗಿರಲಪ್ಪ. ನೋವಾಗ್ತಿದೆಯಾ ಅಮ್ಮ, ಇಲ್ಲ, ಆಗುತ್ತಿದೆ, ಆಗಲಿ. ಕಣ್ಣು ಬಿಟ್ಟಳು, ಮೊದಲು ಕಂಡದ್ದು ನೀಲಿ, ನೀಲಿ ಷರ್ಟು, ಗಂಡ ಬಗ್ಗಿ ನಿಂತಿದ್ದಾನೆ, ಆ ಷರ್ಟಿನಲ್ಲಿ ಏನೋ ಓರೆಯಾಗಿದೆ, ಮದ್ದಿನ ಮಂಪರಿರಬೇಕು, ಮತ್ತೆ ನೋಡಿದಳು, ಮಂಪರಲ್ಲ, ಗುಂಡಿಗಳು ಒಂದೊಂದು ಕಾಜ ತಪ್ಪಿವೆ, ಕಾಲರಿನ ಒಂದು ಕಿವಿ ಮೇಲೆ ಒಂದು ಕೆಳಗೆ. ಭಾನುವಾರವೂ ಕತ್ತಿನವರೆಗೆ ಗುಂಡಿ ಹಾಕಿಕೊಂಡು ಕೂರುವ ಮನುಷ್ಯ, ಯೂನಿಫಾರ್ಮ್ ಹಾಕಿದವನ ಗುಂಡಿ ಬಿಚ್ಚಿದ್ರೆ ಅವನ ಮಾತಿಗೆ ಯಾರೂ ಟಿಕೆಟ್ ತೋರಿಸಲ್ಲ ಎನ್ನುತ್ತಿದ್ದವನು, ಬೆಳಿಗ್ಗೆ ಟ್ರಾಲಿಯ ಪಕ್ಕ ಬರುವಾಗ ಸರಿಯಾಗಿತ್ತಲ್ಲ, ಈಗ ಯಾಕೆ, ನಡುವೆ ಯಾವಾಗ ಬಿಚ್ಚಿದ, ಯಾಕೆ ಬಿಚ್ಚಿದ. ಎಚ್ಚರ ಆಯ್ತಾ, ಎಂದ ಅವನು, ಎಂದು ಅವಳ ಹೆಸರು ಹೇಳಿದ. ಹೆಸರು. ಏ ಇವಳೇ, ಲೇ, ಕೇಳಿಸ್ತಾ, ಪುಟ್ಟೀ ನಿಮ್ಮಮ್ಮನ್ನ ಕರಿ, ಇಷ್ಟರಲ್ಲೇ ಸಂಸಾರ ಮುಗಿಸಿದವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳಿಗೆ ಯಾರನ್ನೋ ಕರೆದ ಹಾಗೆ ಅನ್ನಿಸಿತು, ಪಕ್ಕದಲ್ಲಿ ಇನ್ನೊಬ್ಬಳಿದ್ದಾಳೇನೋ ಎಂದು ಹುಡುಕುವ ಹಾಗೆ.

ಆಮೇಲೆ ಬೆಳಕು. ವಾರ್ಡಿಗೆ ತಂದು ಮಲಗಿಸಿದ್ದಾರೆ, ಎದುರು ಗೋಡೆಯ ಮೇಲೆ ಬಿಸಿಲಿನ ಪಟ್ಟಿ, ಈ ಕಿಟಕಿ ಪೂರ್ವಕ್ಕಿದೆ, ಬಿಸಿಲು ಬರುವುದು ಬೆಳಿಗ್ಗೆ, ಮಧ್ಯಾಹ್ನದ ಊಟದ ಗಾಡಿ ಬರುವಷ್ಟರಲ್ಲಿ ಜಾರಿ ಹೋಗಿರುತ್ತದೆ, ನಿನ್ನೆಯೆಲ್ಲ ಇದನ್ನೇ ನೋಡುತ್ತ ಮಲಗಿದ್ದಳು, ಹಾಗಾದರೆ ಇದು ನಾಳೆ, ಅಂದರೆ ನಾಳೆಯಾಗಿದೆ, ಅಷ್ಟು ಹೊತ್ತು ನಿದ್ದೆ ಮಾಡಿದೆನೇ. ಸಿಸ್ಟರ್, ಇವತ್ತು ಯಾವ ವಾರ. ಇದೇನ್ ಆಂಟಿ ಹೀಗೆ ಕೇಳ್ತೀರಾ, ಬೆಳಿಗ್ಗೆ ತಾನೆ ನಾನೇ ನಿಮಗೆ ಶೇವ್ ಮಾಡಿದ್ದು, ಎಂದು ಹೊಸ ಹುಡುಗಿ ನಕ್ಕಳು, ನಕ್ಕವಳು ಟಿ.ಸಿ.ಯ ಮುಖ ನೋಡಿ ತಟ್ಟನೆ ನಿಲ್ಲಿಸಿದಳು, ಡ್ರಿಪ್ಪಿನ ಬಾಟಲಿಯನ್ನು ಸುಮ್ಮನೆ ಮುಟ್ಟಿ ಹೋದಳು. ಬಾಗಿಲ ಕಡೆಯಿಂದ ಚಹಾದ ಗಾಡಿಯ ಗಿಣಿಗಿಣಿ ಬಂತು, ಬೆಳಗಿನ ಎರಡನೆಯ ಚಹಾ, ಇನ್ನೂ ಚಹಾದ ಹೊತ್ತು. ನಿಮಗೆ ಎಚ್ಚರ ಆಗೋ ಹೊತ್ತಿಗೆ ಸಂಜೆ ಆಗಿರುತ್ತೆ. ಬಿಸಿಲಿನ ಪಟ್ಟಿ ಗೋಡೆಯ ಮೇಲೆ ಅಲ್ಲಾಡದೆ ನಿಂತಿದೆ. ರೀ, ಬೇಗ ಆಯ್ತಲ್ಲ. ಹೂಂ, ಬೇಗ ಆಯ್ತು, ಒಳ್ಳೇದೇ ಆಯ್ತಲ್ಲ, ಡಾಕ್ಟ್ರು ಕೈಗುಣ ಅಂದ್ರೆ ಹಾಗೆ, ಏನೂ ಯೋಚ್ನೆ ಇಲ್ಲ, ನಾವೇನೂ ಮುಚ್ಚಿಟ್ಟಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ಕಳ್ಳ ಎನ್ನುವ ಮೊದಲೇ ಮುಟ್ಟಿ ನೋಡಿಕೊಳ್ಳುತ್ತಿದ್ದಾನೆ, ಓರೆ ಕಾಲರಿನ ಕಿವಿ ಅವನ ಗದ್ದಕ್ಕೆ ತಾಗುತ್ತಿದೆ, ಅವನಿಗೆ ಗೊತ್ತಾಗುತ್ತಿಲ್ಲ, ಅವಳು ಕಣ್ಣು ಮುಚ್ಚಿದಳು, ಮದ್ದು ಬೇಕಾಯಿತು, ಮದ್ದು ಬಂತು.

ಗಾಯ ಮಾಗುವುದಕ್ಕೆ ಅದರದೇ ದಿನಚರಿ, ಎಬ್ಬಿಸುತ್ತಾರೆ, ಕೂರಿಸುತ್ತಾರೆ, ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅಪ್ಪಿಕೊಂಡು ಕೆಮ್ಮಿ ಎನ್ನುತ್ತಾರೆ, ಎಳೆಮಗುವನ್ನು ಅಪ್ಪಿದ ಹಾಗೆ ದಿಂಬನ್ನು ಅಪ್ಪಿ ಕೆಮ್ಮಿದರೆ ಹೊಲಿಗೆಗಳೆಲ್ಲ ಒಟ್ಟಿಗೆ ಕೂಗುತ್ತವೆ, ಬಂದವರೆಲ್ಲ ಕೇಳುವುದು ಒಂದೇ, ಗ್ಯಾಸ್ ಹೋಯ್ತಾ ಅಮ್ಮ, ಹೋಯ್ತಾ ಆಂಟಿ, ಬದುಕೆಲ್ಲ ಮುಚ್ಚಿಟ್ಟುಕೊಂಡ ಸಂಗತಿಯನ್ನು ಇಲ್ಲಿ ಪರೀಕ್ಷೆಯ ಫಲಿತಾಂಶದ ಹಾಗೆ ಕಾಯುತ್ತಾರೆ, ಅದು ಹೋದ ದಿನ ಪಕ್ಕದ ಅಜ್ಜಿ ಮಂಚ ತಟ್ಟಿ ಪಾಸಾದ್ಲು ಕಣ್ರೋ ಬ್ರೇಕಕ್ಕ ಎಂದು ಕೂಗಿದಳು, ಅವಳಿಗೆ ನಗು ಬಂತು, ನಗು ಕೆಮ್ಮಿಗಿಂತ ಕ್ರೂರ, ದಿಂಬು, ದಿಂಬು ಕೊಡೇ. ಬೇಗ ಚೇತರಿಸ್ಕೊಳ್ತಿದ್ದೀರ ಎನ್ನುತ್ತಾರೆ ಎಲ್ಲರೂ, ಅಜ್ಜಿಗಿಂತ ಎಷ್ಟು ಬೇಗ, ಅಜ್ಜಿಯ ಒಳಗೆ ಎಷ್ಟೋ ಹೊತ್ತು ಕೈಯಾಡಿಸಿದ್ದರು, ಅವಳಿನ್ನೂ ನರಳುತ್ತಾಳೆ, ಇವಳು ಗೋಡೆ ಹಿಡಿದು ಕಾರಿಡಾರಿನ ಕೊನೆಯ ತನಕ ಹೋಗಿ ಬಂದಳು. ಸರ್ಜನ್ ಬರುತ್ತಾರೆ, ಅಜ್ಜಿಯ ಮಂಚದ ಪಕ್ಕ ಕೂತೇಬಿಡುತ್ತಾರೆ, ಚೀಲ ಒತ್ತಿ ನೋಡುತ್ತಾರೆ, ಗದರುತ್ತಾರೆ, ಯಾರು ಕೊಟ್ಟಿದ್ದು ಬಿಸ್ಕತ್ತು, ಹೇಳಿಲ್ವಾ ನಾನು, ಇನ್ನೊಂದು ಸಲ ಹೀಗೆ ಮಾಡಿದ್ರೆ ಮನೆಗೇ ಕಳ್ಸಲ್ಲ ನಿಮ್ಮನ್ನ, ಅಜ್ಜಿ ಕಳ್ಳಬೆಕ್ಕಿನ ಹಾಗೆ ಮುಸುಕು ಹಾಕುತ್ತಾಳೆ. ಅಲ್ಲಿಂದೆದ್ದು ಇವಳ ಮಂಚಕ್ಕೆ ಬಂದರೆ ಕೂರುವುದಿಲ್ಲ, ಕಾಲ ಬುಡದಲ್ಲಿ ನಿಲ್ಲುತ್ತಾರೆ, ಸಣ್ಣ ಕೈಗಳು ಜೇಬಿನಲ್ಲಿ, ಹೇಗಿದ್ದೀರಮ್ಮ. ಏನು ತಿನ್ಬಹುದು ಡಾಕ್ಟ್ರೇ. ನಿಮಗೇನಿಷ್ಟವೋ ತಿನ್ನಿ. ಬಿಸ್ಕತ್ತು. ತಿನ್ನಿ. ಹುಳಿ ಖಾರ. ಇಷ್ಟ ಇದ್ರೆ ತಿನ್ನಿ ಅಮ್ಮ. ಅದೇ ಕರುಳು, ಅದೇ ಕತ್ತಿ, ಅಜ್ಜಿಗೆ ಗದರಿಕೆ, ನನಗೆ ಯಾಕಿಲ್ಲ, ಗದರಿ ಡಾಕ್ಟ್ರೇ, ಒಂದು ಸಲ ಗದರಿ, ಎಂದು ಒಳಗೊಳಗೇ ಬೇಡಿಕೊಂಡಳು. ಗಾಡಿ ಪರೀಕ್ಷೆಯಲ್ಲಿ ತಪ್ಪಿಗೆಲ್ಲ ಕಿರುಚುವ ಅಧಿಕಾರಿಯ ಮುಂದೆ ಭಯವಿಲ್ಲ, ಫೇಲೆಂದು ತೀರ್ಮಾನಿಸಿದವನು ಕಿರುಚುವುದಿಲ್ಲ, ಮೆತ್ತಗೆ ಮಾತಾಡುತ್ತಾನೆ, ಗಾಡಿ ಪಕ್ಕಕ್ಕೆ ಹಾಕಿ ಎನ್ನುತ್ತಾನೆ, ಥ್ಯಾಂಕ್ಸ್ ಎನ್ನುತ್ತಾನೆ. ಏನು ತೆಗೆದ್ರಿ ಡಾಕ್ಟ್ರೇ, ಎಂದು ಕೇಳಿಯೂಬಿಟ್ಟಳು, ಅವರು ಬಾಯಿ ತೆರೆದರು, ಹೇಳಲು ಮನಸ್ಸಿದ್ದ ಮುಖ ಅದು, ಆದರೆ ಕಣ್ಣು ಮೊದಲು ಟಿ.ಸಿ.ಯ ಕಡೆಗೆ ಹೋಯಿತು, ಒಂದು ಕೂದಲೆಳೆಯಷ್ಟು ಕುತ್ತಿಗೆ ತಿರುಗಿತು, ಟಿ.ಸಿ. ಕಿಟಕಿಯ ಹೊರಗೆ ನೋಡುತ್ತ ಏನನ್ನೋ ಗುನುಗತೊಡಗಿದ್ದ. ಎಲ್ಲಾ ಕೂತು ಮಾತಾಡೋಣ ಅಮ್ಮ, ಮೊದಲು ಗಾಯ ಮಾಗ್ಲಿ. ಅಂದು ಮಧ್ಯಾಹ್ನ ಅಜ್ಜಿಯ ಚೀಲ ಪುಸ್ ಎಂದಾಗ ಅವಳು ತಲೆಯೆತ್ತಿ ನೋಡಿದಳು, ಬಟ್ಟೆಯ ಕೆಳಗೆ ಉಬ್ಬಿಕೊಂಡ ಅದು ಮೊಲದ ಹಾಗೆ ಬೆಚ್ಚಗೆ ಕೂತಿತ್ತು, ಹೊಟ್ಟೆಕಿಚ್ಚು ಎನ್ನುತ್ತಾರಲ್ಲ, ಕಿಚ್ಚು ನಿಜವಾಗಿ ಹೊಟ್ಟೆಯಲ್ಲೇ ಹೊತ್ತುವುದೆಂದು ಗೊತ್ತಿರಲಿಲ್ಲ, ಅಜ್ಜಿಯ ಒಳಗಿನದನ್ನು ಕತ್ತರಿಸಿ ಎಸೆಯಲು ಆಯಿತು, ಅದಕ್ಕೇ ಆ ಚೀಲ, ತನ್ನ ಎಡಗಡೆ ಬರೀ ಚರ್ಮ, ಬೇಡಿದ್ದು ಸಿಕ್ಕಿದೆ. ಏನೇ ಹಾಗೆ ನೋಡ್ತೀ ನನ್ನ ಸೊಸೇನ, ಕಣ್ಣು ಹಾಕ್ಬೇಡ, ಎಂದಳು ಅಜ್ಜಿ, ತಮಾಷೆಗೇ ಎಂದಳು.

ಮಗಳು ಬೆಳಿಗ್ಗೆ ಮೈ ಒರೆಸುತ್ತಿದ್ದಳು, ಪರದೆ ಎಳೆದು, ಬಿಸಿನೀರಲ್ಲಿ ಬಟ್ಟೆ ಹಿಂಡಿ, ಬೆನ್ನು, ಕಂಕುಳು, ಒಲೆಯ ಸುಟ್ಟ ಗೆರೆಗಳ ಆ ತೋಳು ಎಷ್ಟು ಹಗುರಾಗಿ ಹೋಗಿ ಬರುತ್ತದೆ, ಕೇಕಿನ ಮೇಲೆ ಕೆನೆ ಸವರುವ ಕೈ, ಹೊಟ್ಟೆಯ ಹತ್ತಿರ ಬಂದಾಗ ಮಾತ್ರ ನಿಂತಿತು, ಸುತ್ತು ಹಾಕಿಕೊಂಡು ಹೋಯಿತು. ಒರಸೇ. ಗಾಯ ಅಮ್ಮ. ಗಾಯ ಬಿಟ್ಟು ಒರಸು. ನೇರಳೆ ಪೆನ್ನಿನ ದುಂಡು ಇನ್ನೂ ಇತ್ತು, ಮಾಸಲು, ಮಗಳು ಅದನ್ನು ಉಜ್ಜಿದಳು, ಹೋಗಲಿಲ್ಲ, ಮತ್ತೆ ಉಜ್ಜಿದಳು, ಹೋಗುವ ತನಕ ಬಿಡುವುದಿಲ್ಲವೆನ್ನುವ ಹಾಗೆ, ಬಿಡೇ ಚರ್ಮ ಕಿತ್ತುಬರುತ್ತೆ. ಆಮೇಲೆ ಅವಳು ಸುಮ್ಮನಾದಳು. ಸುಮ್ಮನಿರುವುದು ಅವಳ ಕಸುಬಿನ ದೊಡ್ಡ ಉಪಾಯ, ತಪ್ಪು ಮಾಡಿದವರನ್ನು ಬೈದರೆ ನೆಪ ಹುಡುಕುತ್ತಾರೆ, ಗಾಡಿ ಪಕ್ಕಕ್ಕೆ ಹಾಕಿಸಿ ಎಂಜಿನ್ ಆರಿಸಿ ಸುಮ್ಮನೆ ಮುಂದೆ ನೋಡುತ್ತ ಕೂತರೆ ತಾವಾಗಿ ಹೇಳುತ್ತಾರೆ, ಮೇಡಂ ನಾನು ನೋಡಿರ್ಲಿಲ್ಲ. ಅವಳು ಪರದೆಯ ಮಡಿಕೆ ನೋಡುತ್ತ ಕೂತಳು. ಬಟ್ಟೆಯಿಂದ ನೀರು ತೊಟ್ಟಿಕ್ಕಿತು. ಅಪ್ಪ ಹೇಳ್ಬೇಡ ಅಂದಿದಾರೆ, ಎಂದಳು ಮಗಳು. ಹೂಂ. ನಾನೇ ಹೇಳ್ತೀನಿ ಅಂದಿದಾರೆ, ದಿನಾ ಬೆಳಿಗ್ಗೆ ಹೊರಡುವಾಗ ಇವತ್ತು ಹೇಳ್ತೀನಿ ಅಂತಾರೆ. ಹೂಂ. ಹೊಟ್ಟೆ ತೆರೆದು ನೋಡಿದ್ರಂತೆ ಅಮ್ಮ, ಎಲ್ಲಾ ಕಡೆ ಇತ್ತಂತೆ, ಮರಳು ಎರಚಿದ ಹಾಗೆ, ಸ್ಕ್ಯಾನ್ ಫೋಟೋದಲ್ಲಿ ಅದು ಕಂಡಿರ್ಲಿಲ್ವಂತೆ, ಮುಟ್ಟೋಕಾಗಲ್ಲ ಅಂತ — ಏನು ತೆಗೆದ್ರು? ಏನೂ ತೆಗೀಲಿಲ್ಲ ಅಮ್ಮ, ಪರೀಕ್ಷೆಗೆ ಒಂದು ಚೂರು, ಅಷ್ಟೇ, ಹಾಗೇ ಹೊಲಿದುಬಿಟ್ರು. ಬಟ್ಟೆ ಬಕೆಟ್ಟಿಗೆ ಬಿತ್ತು. ಅವಳಿಗೆ ಆಶ್ಚರ್ಯವಾಯಿತು, ಕರುಳು ಚುರ್ ಎಂದದ್ದು ತನಗಾಗಿ ಅಲ್ಲ, ಈ ಹುಡುಗಿ ಇಷ್ಟು ದಿನ ಇದನ್ನು ಹೊತ್ತುಕೊಂಡು ಮೊಟ್ಟೆ ಒಡೆದು, ಸಕ್ಕರೆ ಕಲಸಿ, ಯಾರದೋ ಹುಟ್ಟುಹಬ್ಬದ ಕೇಕಿನ ಮೇಲೆ ಹೆಸರು ಬರೆದು, ಇಲ್ಲಿಗೆ ಬಂದು ನಕ್ಕಿದ್ದಾಳೆ. ನಿಮ್ಮಪ್ಪ ಏನಂದ್ರು ಆಗ. ಡಾಕ್ಟ್ರು ಹೊರಗೆ ಬಂದು ಹೇಳಿದ್ರು, ಅಪ್ಪ ಕೇಳಿಸ್ಕೊಂಡ್ರು, ಸರಿ ಅಂದ್ರು, ಆಮೇಲೆ ಕಾರಿಡಾರಲ್ಲಿ ಉಸಿರು ಕಟ್ತಿದೆ ಅಂತ ಷರ್ಟ್ ಗುಂಡಿ ಎಲ್ಲಾ ಬಿಚ್ಚಿ ಕೂತ್ಬಿಟ್ರು ಅಮ್ಮ, ಬನಿಯನ್ನಲ್ಲಿ, ಅಷ್ಟು ಜನರ ಮಧ್ಯೆ, ನಿನಗೆ ಎಚ್ಚರ ಆಯ್ತು ಅಂದಾಗ ಹಾಕ್ಕೊಂಡು ಓಡಿಬಂದ್ರು. ಹುಡುಗಿ ಅವಳ ಭುಜಕ್ಕೆ ಹಣೆ ಹಚ್ಚಿ ಅತ್ತಳು, ಸದ್ದಿಲ್ಲದೆ, ಅವಳು ವೆನಿಲಾದ ಕೂದಲಿಗೆ ಕೈಯಿಟ್ಟುಕೊಂಡು, ಪುಟ್ಟೀ, ನನಗೆ ಗೊತ್ತಾಗಿದೆ ಅಂತ ಅಪ್ಪನಿಗೆ ಹೇಳ್ಬೇಡ. ಯಾಕಮ್ಮ. ಪಾಪ, ಹೇಳ್ತೀನಿ ಅಂದಿದಾರಲ್ಲ, ಅವರೇ ಹೇಳ್ಲಿ. ಪರದೆಯ ಅಂಚಿನಿಂದ ಅಜ್ಜಿಯ ಕೈ ಒಂದು ಒಣ ಟವೆಲನ್ನು ಈಚೆ ಸರಿಸಿತು.

ಟಿ.ಸಿ. ಬಂದ, ಬಿಸಿಲಿನ ಪಟ್ಟಿ ಗೋಡೆ ಬಿಟ್ಟು ನೆಲಕ್ಕಿಳಿದಿತ್ತು, ಅವನು ಅದನ್ನು ದಾಟಿಕೊಂಡು ಬಂದ, ಇವತ್ತು ಬಿಳಿ ಷರ್ಟು, ಇಸ್ತ್ರಿ ಮಾಡಿದ್ದು, ನಿನ್ನೆ ಗೆರೆಗೆರೆಯದು, ಅದರ ಹಿಂದಿನ ದಿನ ಮತ್ತೆ ಆ ನೀಲಿ, ಎಲ್ಲದರಲ್ಲೂ ಅದೇ ತಪ್ಪಿದ ಗುಂಡಿ, ಇವತ್ತೂ ಅದೇ, ಕನ್ನಡಿಯ ಮುಂದೆ ನಿಂತೇ ಹಾಕಿಕೊಂಡಿರುತ್ತಾನೆ, ಕನ್ನಡಿ ನೋಡಿಯೂ ನೋಡಿಲ್ಲ. ನಾಳೆ ಮನೆಗೆ ಕಳಿಸ್ತಾರಂತೆ, ಎಂದ, ಹೆಸರು ಸೇರಿಸಿದ, ಕುರ್ಚಿ ಎಳೆದ, ಕೂರಲಿಲ್ಲ, ಮನೇಲಿ ಸ್ವಲ್ಪ ದಿನ ರೆಸ್ಟು, ಆಮೇಲೆ ನೀನು ಕ್ಲಾಸ್ ಶುರು ಮಾಡ್ಬಹುದು, ಆ ಬ್ಯಾಂಕಿನವರು ಫೋನ್ ಮಾಡಿದ್ರು, ಮೇಡಂ ಬರೋ ತನಕ ನಾನು ಸ್ಟೇರಿಂಗ್ ಮುಟ್ಟಲ್ಲ ಅಂದ್ರು. ಊರು ಬದುಕಿತು ಬಿಡಿ. ಅವನು ನಕ್ಕ, ನಗು ಕಾಲರಿನ ತನಕ ಬಂದು ನಿಂತಿತು. ಆಮೇಲೆ ಸಮುದ್ರ ನೋಡೋಕೆ ಹೋಗೋಣ, ನೀನು ಯಾವಾಗ್ಲೂ ಕೇಳ್ತಿದ್ದೆಯಲ್ಲ, ರೈಲಲ್ಲಿ, ಕಿಟಕಿ ಪಕ್ಕದ ಸೀಟು. ಹೋಗೋಣ ರೀ. ಎಷ್ಟು ಸಲೀಸಾಗಿ ಬಂತು ಮಾತು, ಹೋಗೋಣ, ಅವಳಿಗೇ ಬೆರಗಾಯಿತು, ಸಮುದ್ರ ಎದ್ದು ಬಂದು ಮಂಚದ ಕಾಲಿಗೆ ತಾಗಿದ ಹಾಗೆ ಕಾಲು ತಣ್ಣಗಾದವು, ಒಳಗೆ ಮರಳು, ಎಲ್ಲ ಕಡೆ ಎರಚಿದ ಮರಳು, ಅದನ್ನು ಹಾಗೇ ಇಟ್ಟು ಹೊಲಿದಿದ್ದಾರೆ. ಅವನು ಗುನುಗತೊಡಗಿದ, ನಿಲ್ಲಿಸಿದ, ಏನೋ ಹೇಳುವವನ ಹಾಗೆ ಬಾಯಿ ತೆರೆದ, ಈಗ ಹೇಳುತ್ತಾನೆ, ಹೇಳಲಿ, ಹೇಳಿಬಿಡಲಿ — ಕಿತ್ತಳೆ ಸುಲಿದು ಕೊಡ್ಲಾ, ಎಂದ. ಕೊಡಿ. ಅವನು ಬಗ್ಗಿದ, ಷರ್ಟು ಅವಳ ಕಣ್ಣಿನ ಮಟ್ಟಕ್ಕೆ ಬಂತು, ಅವಳ ಕೈ ಎದ್ದಿತು, ಸಂಸಾರವಿಡೀ ದಾರ ಕಿತ್ತಾಗ, ಬಣ್ಣ ಹತ್ತಿದಾಗ, ಯೋಚನೆಯೇ ಇಲ್ಲದೆ ಎದ್ದ ಕೈ, ಹೊಲಿಗೆ ಜಗ್ಗಿತು, ನಡುವೆಯೇ ನಿಂತಿತು ಕೈ. ಏನು, ನೀರಾ, ನೋವಾ, ಸಿಸ್ಟರನ್ನ ಕರೀಲಾ. ಏನಿಲ್ಲ. ಗುಂಡಿ ತಪ್ಪಿದೆ ರೀ, ಆರು ಅಕ್ಷರದ ಮಾತು, ನಾಲಿಗೆಯ ಮೇಲೇ ಇದೆ, ಹೇಳಿದರೆ ಅವನು ಕೆಳಗೆ ನೋಡಿಕೊಳ್ಳುತ್ತಾನೆ, ನೋಡಿಕೊಂಡರೆ ಎಂದಿನಿಂದ ಹೀಗಿದ್ದೇನೆಂದು ಯೋಚಿಸುತ್ತಾನೆ, ಯೋಚಿಸಿದರೆ ನೆನಪಾಗುತ್ತದೆ, ನೆನಪಾದರೆ ಅವಳು ಅಂದಿನಿಂದ ನೋಡುತ್ತಲೇ ಇದ್ದಾಳೆಂದು ಗೊತ್ತಾಗುತ್ತದೆ, ಮುಖ ಒಡೆದುಹೋಗುತ್ತದೆ, ಇಲ್ಲಿ, ಅಷ್ಟು ಜನರ ಮಧ್ಯೆ — ಹೇಳದಿದ್ದರೆ ಹೀಗೇ ಬೀದಿಯಲ್ಲಿ ಹೋಗುತ್ತಾನೆ, ಪೇಪರ್‌ನವನೂ ಹೇಳುವುದಿಲ್ಲ, ಮಗಳಿಗೆ ಅದು ಕಂಡೇ ಇಲ್ಲ, ಬೇರೆ ಯಾರಿದ್ದಾರೆ, ಇವತ್ತು ಹೇಳಿದರೂ ನಾಳೆ, ನಾಳೆ ಹೇಳಿದರೂ ಅದರಾಚೆ, ಆ ಬೆಳಿಗ್ಗೆಗಳಲ್ಲಿ, ಕನ್ನಡಿಯ ಮುಂದೆ, ಅವನೊಬ್ಬನೇ, ಬೆರಳು ಒಂದು ಕಾಜ ತಪ್ಪಿ ಇಳಿಯುತ್ತದೆ, ಕೊನೆಯ ತನಕ ತಪ್ಪುತ್ತಲೇ ಇಳಿಯುತ್ತದೆ, ಹಿಂದಿನಿಂದ ಯಾರೂ ರೀ ಎನ್ನುವುದಿಲ್ಲ — ಅವನು ತಲೆ ತಗ್ಗಿಸಿ ಕಿತ್ತಳೆ ಸುಲಿಯುತ್ತಿದ್ದಾನೆ, ಬಿಳಿ ಷರ್ಟು ಉಸಿರಿಗೆ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಮೇಲೆ, ಕತ್ತಿನ ಹತ್ತಿರ, ಗುಂಡಿಯಿಲ್ಲದ ಒಂದು ಕಾಜ, ಕೆಳಗೆ, ಸೊಂಟದ ಹತ್ತಿರ, ಕಾಜವಿಲ್ಲದ ಒಂದು ಗುಂಡಿ, ಮೇಲೆ ಒಂದು ಕಾಜ, ಕೆಳಗೆ ಒಂದು ಗುಂಡಿ, ಒಂದು ಕಾಜ